ಇದ್ದ ಹಾಗೇ ಇರಲಿ

"ಸರ್, ಈ ಸ್ಟೇಷನ್ನಿನಲ್ಲಿ ಕಾಗದ ನೋಡಿ ಮನುಷ್ಯರನ್ನ ಓದಬಲ್ಲೋರು ಅಂತ ಇದ್ದರೆ ಅದು ನೀವೊಬ್ಬರೇ," ಎಂದೆ.

ಮಾತು ಬಾಯಿಂದ ಹೊರಬಿದ್ದ ಮೇಲೆ ನಾಲಿಗೆಗೆ ಜಿಡ್ಡು ಹತ್ತಿದಂತಾಯಿತು.

ಫೈಲಿಗೆ ದಾರ ಸುತ್ತುತ್ತಿದ್ದ ಇನ್ಸ್‌ಪೆಕ್ಟರ್ ಕೈ ನಿಲ್ಲಿಸಿದರು. "ಮೇಡಂ, ಬೆಣ್ಣೆ ಹಚ್ತಾ ಇದ್ದೀರಿ."

"ಹೌದು ಸರ್. ಆದರೆ ಒಳ್ಳೇ ಬೆಣ್ಣೆ. ಕಲಬೆರಕೆ ಇಲ್ಲ."

ಅವರು ನಕ್ಕುಬಿಟ್ಟರು. ನಕ್ಕ ಮೇಲೆ ಮನುಷ್ಯನ ಕೈ ಸಡಿಲವಾಗುತ್ತದೆ. ಸುತ್ತಿದ ದಾರ ಬಿಚ್ಚಿಕೊಂಡಿತು.

ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದವಳು ನಮ್ಮ ಎದುರುಮನೆಯ ಅಕ್ಕತಂಗಿಯರಲ್ಲಿ ತಂಗಿ. ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವ ಅವಳ ಅಕ್ಕ ಕಳೆದ ಗುರುವಾರ ಕೆಲಸಕ್ಕೆಂದು ಹೋದವಳು ಮನೆಗೆ ಬಂದಿರಲಿಲ್ಲ. ಅವಳ ಬದಲು ಆ ಸಂಜೆ ಬಾಗಿಲ ಸಂದಿನಿಂದ ಒಳಗೆ ಬಂದದ್ದು ಈ ಪತ್ರ. ಇವತ್ತು ಬುಧವಾರ. ಅಕ್ಕನ ಫೋನು ಆರು ದಿನದಿಂದ ಸತ್ತುಬಿದ್ದಿತ್ತು.

"ಐದು ನಿಮಿಷ ನೋಡಿ," ಎಂದರು ಇನ್ಸ್‌ಪೆಕ್ಟರ್. "ಐದು ಗಂಟೆಗೆ ಫೈಲು ಮೇಲಕ್ಕೆ ಹೋಗುತ್ತೆ. ಸ್ವಂತ ಕೈಬರಹ. ನಲವತ್ತು ದಾಟಿದ ಹೆಂಗಸು. ಹೋಗ್ತೀನಿ ಅಂತ ಬರೆದಿಟ್ಟು ಹೋದೋರನ್ನ ನಾನು ಯಾವ ಕಾನೂನಿನಲ್ಲಿ ಹುಡುಕಲಿ? ಮೇಲಕ್ಕೆ ಹೋದರೆ ಮತ್ತೆ ಕೆಳಗೆ ಬರಲ್ಲ, ತಿಳ್ಕೊಳ್ಳಿ."

ಗೋಡೆಯ ಗಡಿಯಾರ ಎರಡು ಹತ್ತು ತೋರಿಸುತ್ತಿತ್ತು.

ಇಷ್ಟು ದಿನ ನನ್ನ ಕೈಗೆ ಸಿಕ್ಕಿದ್ದು ಪತ್ರದ ನಕಲು ಮಾತ್ರ. ಮೂಲವನ್ನು ಮುಟ್ಟುತ್ತಿದ್ದುದು ಇದೇ ಮೊದಲು. ದಪ್ಪ ಕಾಗದ, ಬೆಣ್ಣೆಯ ಬಣ್ಣ. ಅಕ್ಷರಗಳು ಮುತ್ತು ಪೋಣಿಸಿದ ಹಾಗೆ.

'ನಾನು ಮನಪೂರ್ವಕವಾಗಿ ಈ ಊರು ಬಿಟ್ಟು ಹೋಗುತ್ತಿದ್ದೇನೆ. ಇದರಲ್ಲಿ ಯಾರ ಒತ್ತಾಯವೂ ಇಲ್ಲ. ದಯವಿಟ್ಟು ನನ್ನನ್ನು ಹುಡುಕಬೇಡಿ. ಎಲ್ಲರೂ ಸುಖವಾಗಿರಿ.'

"ಇದು ನನಗೆ ಬರೆದಿದ್ದಲ್ಲ ಆಂಟಿ," ಎಂದು ತಂಗಿ ಹತ್ತನೇ ಸಲ ಪಿಸುಗುಟ್ಟಿದಳು. "ಅಕ್ಕ ಸೋಪು ತಗೊಂಡು ಬಾ ಅಂತ ಚೀಟಿ ಬರೆದರೂ ಮೇಲೆ 'ಪುಟ್ಟೀ' ಅಂತ ಹಾಕ್ತಾಳೆ. ಬೈದು ಬರೆದಾಗಲೂ ಹಾಕ್ತಾಳೆ."

"ದುಃಖದಲ್ಲಿ ಬಿಟ್ಟುಹೋಗಿರುತ್ತಮ್ಮ," ಎಂದರು ಇನ್ಸ್‌ಪೆಕ್ಟರ್, ಒರಟಾಗಿ ಏನಲ್ಲ.

ನಾನು ಕಾಗದವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. 'ಮನಪೂರ್ವಕವಾಗಿ' ಎನ್ನುವ ಪದದ ಅಡಿಯಲ್ಲಿ ಚುಕ್ಕೆಗಳಿದ್ದವು. ಸೂಜಿಯ ಮೊನೆಯಷ್ಟು ಚಿಕ್ಕವು. ನಕಲು ತೆಗೆಯುವ ಯಂತ್ರಕ್ಕೆ ಕಂಡೇ ಇರಲಿಲ್ಲ. ಎಣಿಸಿದೆ. ಐದು.

"ಸರ್, ಇದು?"

"ಮಸಿ ಕಾರಿರುತ್ತೆ. ಹಳೇ ಪೆನ್ನು."

ಮಸಿ ಕಾರುವ ಪೆನ್ನು ಇಷ್ಟು ಸಮ ಅಂತರದಲ್ಲಿ ಕಾರುವುದಿಲ್ಲ. ಕೋರ್ಟಿನಲ್ಲಿ ಇಪ್ಪತ್ತಾರು ವರ್ಷ ಸ್ಟೆನೋ ಆಗಿದ್ದವಳು ನಾನು. ಪೆನ್ನಿನ ಚಾಳಿಗಳೆಲ್ಲ ಗೊತ್ತು.

ಹೊರಗೆ ಬಂದು ತಂಗಿಗೆ ಹೇಳಿದೆ: "ನೀನು ಇಲ್ಲೇ ಕೂತಿರು. ಅವರು ಫೈಲು ಎತ್ತಿಕೊಂಡು ಎದ್ದರೆ ಏನಾದರೂ ಕೇಳು, ತಡಿ. ಸ್ವಲ್ಪ ಹೊಗಳು."

"ನನಗೆ ಹೊಗಳೋಕೆ ಬರಲ್ಲ ಆಂಟಿ."

"ಅವರ ಅಕ್ಷರ ಚೆನ್ನಾಗಿದೆ ಅನ್ನು."

"ಚೆನ್ನಾಗಿಲ್ಲ."

"ಹಾಗಾದರೆ ಮೀಸೆ."

ಅವಳು ನಗಲು ಹೋಗಿ ಅತ್ತುಬಿಟ್ಟಳು. ನನ್ನ ಮೊಣಕೈ ಹಿಡಿದುಕೊಂಡು, "ಇದ್ದಾಳೆ ತಾನೇ?" ಎಂದಳು. ಇಷ್ಟೇ. ಯಾರು, ಎಲ್ಲಿ ಎಂದೇನೂ ಇಲ್ಲ. ಇದ್ದಾಳೆ ತಾನೇ?

ಅವಳ ಕೈ ಬಿಡಿಸಿ, ಅಕ್ಕನ ಪ್ರೆಸ್ಸಿನ ಕಡೆ ನಡೆದೆ.

*

ಪ್ರೆಸ್ಸಿನ ಹಿಂಬದಿಯ ಕೋಣೆಯಲ್ಲಿ ಅಂಟಿನ ವಾಸನೆ. ಬೈಂಡಿಂಗ್ ಅಜ್ಜಿ ಪುಸ್ತಕದ ಬೆನ್ನಿಗೆ ದಾರ ಎಳೆಯುತ್ತಿದ್ದರು. ನಲವತ್ತು ವರ್ಷದಿಂದ ಅದೇ ಸ್ಟೂಲು. ಅದರ ಮೇಲಿನ ಕುಶನ್ನಿಗೆ ಅವರದೇ ಆಕಾರ ಬಂದಿತ್ತು.

ಐದು ಗಂಟೆಗೆ ಫೈಲು ಮೇಲಕ್ಕೆ ಹೋಗುತ್ತದೆ ಎಂದು ಹೇಳಿ, ನಾನು ಒಂದು ಚೀಟಿಯಲ್ಲಿ 'ಮನಪೂರ್ವಕ' ಎಂದು ಬರೆದು, ಅಡಿಗೆ ಐದು ಚುಕ್ಕೆ ಇಟ್ಟು ತೋರಿಸಿದೆ.

ಅಜ್ಜಿ ಕನ್ನಡಕ ಏರಿಸಿಕೊಂಡರು. "ಎರಡು ಸೊನ್ನೆ ಎಲ್ಲಿ ನುಂಗಿದ್ರಿ?"

"ಯಾವ ಸೊನ್ನೆ?"

"ಮನದ ಮುಂದೆ ಎರಡು ಸೊನ್ನೆ ಬೇಕಮ್ಮ. ಮನಃಪೂರ್ವಕ. ಆ ಸೊನ್ನೆ ಬಿಟ್ಟುಬಂದ ಕರಡು ಕಂಡರೆ ನಮ್ಮ ಹುಡುಗಿ ಕೆಂಪು ಪೆನ್ನು ತಗೊಂಡು ಹಾರ್ತಿದ್ದಳು. 'ಅಜ್ಜೀ, ಇವರಿಗೆ ಮನಸ್ಸು ಅರ್ಧಾನೇ ಇದೆ ನೋಡಿ' ಅಂತಿದ್ದಳು." ಅಜ್ಜಿ ದಾರವನ್ನು ಹಲ್ಲಿನಲ್ಲಿ ಕಡಿದರು.

"ಮತ್ತೆ ಈ ಚುಕ್ಕೆ?"

"ಅದಾ? 'ಇದ್ದ ಹಾಗೇ ಇರಲಿ' ಅಂತ."

"ಅಂದರೆ?"

"ಪ್ರೂಫ್ ನೋಡೋರು ಒಂದು ಪದ ತಿದ್ದಿರ್ತಾರೆ. ಬರೆದ ದೊಡ್ಡ ಮನುಷ್ಯರು ಒಪ್ಪಲ್ಲ, ನಾನು ಬರೆದದ್ದೇ ಇರಲಿ ಅಂತಾರೆ. ಆಗ ಪದದ ಕೆಳಗೆ ಚುಕ್ಕೆ ಇಡೋದು. ಇದು ತಪ್ಪು ಅಂತ ನನಗೆ ಗೊತ್ತು, ಆದರೆ ಮಾತು ನನ್ನದಲ್ಲ, ಯಜಮಾನರದು, ಮುಟ್ಟಬೇಡಿ ಅಂತ ಅದರ ಅರ್ಥ. ನಮ್ಮ ನಮ್ಮಲ್ಲಿನ ಗುರುತು. ಬರೆಯೋ ಮಹಾನುಭಾವರಿಗೆ ಇದೆಲ್ಲ ಎಲ್ಲಿ ಗೊತ್ತಿರುತ್ತೆ!"

ನಾನು ಚೀಟಿಯನ್ನು ನನ್ನ ಕಡೆ ತಿರುಗಿಸಿಕೊಂಡೆ.

ಮಾತು ನನ್ನದಲ್ಲ. ತನ್ನದೇ ವಿದಾಯದ ಪತ್ರದಲ್ಲಿ, ತನ್ನದೇ ಮನಸ್ಸಿನ ಬಗ್ಗೆ ಹೇಳುವ ಪದದ ಅಡಿಯಲ್ಲಿ, ಆ ಹೆಂಗಸು ಅಷ್ಟನ್ನು ಬರೆದಿಟ್ಟಿದ್ದಳು. ಅಭ್ಯಾಸಬಲದಿಂದಲೋ, ಯಾರಾದರೂ ಓದಲಿ ಎಂಬ ಆಸೆಯಿಂದಲೋ, ಹೇಗೆ ಹೇಳಲಿ?

"ಆ ಸೊನ್ನೆ ಬೇಡ ಅಂತ ಹಟ ಹಿಡಿದ ಯಜಮಾನರು ಯಾರು ಅಜ್ಜಿ?"

"ಇನ್ಯಾರು, ಸಕ್ಕರೆ ಸರ್. 'ಜನ ಓದೋ ಪುಸ್ತಕಮ್ಮ, ಆ ಎರಡು ಸೊನ್ನೆ ಕಣ್ಣಿಗೆ ಚುಚ್ಚುತ್ತೆ' ಅಂತ ಎಷ್ಟು ನಯವಾಗಿ ಹೇಳಿದ್ರು ಅಂತೀರಿ! ಬೇರೆ ಯಾರಾದ್ರೂ ಆಗಿದ್ರೆ ನಮ್ಮ ಹುಡುಗಿ ಬಿಡ್ತಿರಲಿಲ್ಲ."

ಸಕ್ಕರೆ ಸರ್ ಎಂದರೆ ಮಾತಿನ ತರಬೇತಿ ಕೊಡುವವರು. ಮಾರಾಟದ ಹುಡುಗರಿಗೆ, ಸ್ವಾಗತಕಾರಿಣಿಯರಿಗೆ, ಚುನಾವಣೆಗೆ ನಿಲ್ಲುವವರಿಗೆ. ಜನರನ್ನು ಒಲಿಸಿಕೊಳ್ಳುವುದು ಹೇಗೆ ಎಂಬ ಅವರ ಪುಸ್ತಕ ಇದೇ ಪ್ರೆಸ್ಸಿನಲ್ಲಿ ಅಚ್ಚಾಗುತ್ತಿತ್ತು. ಗುರುವಾರ ಮಧ್ಯಾಹ್ನ ಅಕ್ಕ ಹೋಗಿದ್ದು ಅವರ ಮನೆಗೇ, ಪ್ರೂಫ್ ಕೊಡಲು. 'ಕೊಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದರು' ಎಂದು ಅವರು ಪೊಲೀಸರಿಗೆ ಹೇಳಿದ್ದರು. ಪೊಲೀಸರು ತಲೆಯಾಡಿಸಿ ಬಂದಿದ್ದರು.

"ಅವರು ಬಂದರೆ ಈ ಕೋಣೆಗೇ ಬೆಳಕು ಬರುತ್ತೆ," ಎಂದರು ಅಜ್ಜಿ. ಕೆನ್ನೆ ಸ್ವಲ್ಪ ಕೆಂಪಾಗಿತ್ತು. "ನನ್ನ ಹೊಲಿಗೆ ನೋಡಿ ಏನಂದ್ರು ಗೊತ್ತಾ? ಇಂಥ ಬೆನ್ನು ಇದ್ದರೆ ಪುಸ್ತಕಕ್ಕೆ ಮುಖ ಯಾಕೆ ಅಂತ! ನಲವತ್ತು ವರ್ಷದಲ್ಲಿ ಒಬ್ಬ ಓದುಗ ಬೆನ್ನು ನೋಡಿದ್ದಾನಾ?"

"ನಿಮ್ಮ ಹುಡುಗಿಗೆ ಏನಂತಿದ್ದರು?"

"ಅಕ್ಷರ. ಅವಳ ಅಕ್ಷರಕ್ಕೆ ಸೋತುಹೋಗಿದ್ರು. 'ಈ ಕೈಯಿಂದ ಬರೆದ ಸುಳ್ಳನ್ನೂ ಜನ ನಂಬ್ತಾರೆ' ಅಂದ್ರು ಒಂದಿನ. ಪುಸ್ತಕದಲ್ಲಿ ನಾಲ್ಕು ಮಾದರಿ ಪತ್ರ ಇವೆ. ಅಚ್ಚಕ್ಷರ ಬೇಡ, ನಿನ್ನ ಕೈಬರಹದಲ್ಲೇ ಬರಲಿ ಅಂತ ಪುಸಲಾಯಿಸಿದ್ರು. ತಮ್ಮದೇ ಬಣ್ಣದ ಕಾಗದ ಬೇರೆ ಕೊಟ್ಟರು. ಮೂರು ದಿನ ಕೂತು ಬರೆದಳು. ಊಟ ಕೂಡ ಮರೆತಿದ್ದಳು ಹುಡುಗಿ."

"ಎಲ್ಲಿವೆ ಆ ಪತ್ರಗಳು?"

ಅಜ್ಜಿ ಕಪಾಟಿನಿಂದ ಒಂದು ಲಕೋಟೆ ತೆಗೆದರು. ಅದರ ಮೇಲೆ ಅದೇ ಮುತ್ತಿನ ಅಕ್ಷರ: ಆಮಂತ್ರಣ, ಕೃತಜ್ಞತೆ, ಕ್ಷಮಾಪಣೆ, ವಿದಾಯ.

ಒಳಗೆ ಕೈಹಾಕಿದೆ. ಬೆಣ್ಣೆ ಬಣ್ಣದ ದಪ್ಪ ಹಾಳೆಗಳು. ಒಂದು. ಎರಡು. ಮೂರು.

ವಿದಾಯ ಇರಲಿಲ್ಲ.

"ಅಯ್ಯೋ, ನಾಲ್ಕಿದ್ದವಲ್ಲ!" ಎಂದರು ಅಜ್ಜಿ. "ಹೋದ ವಾರ ಸರ್ ಬಂದು ನೋಡ್ತೀನಿ ಅಂತ ತಗೊಂಡ್ರು, ವಾಪಸ್ ಇಟ್ಟರು. ನಾನು ಎಣಿಸಲಿಲ್ಲ. ಅಷ್ಟು ಒಳ್ಳೇ ಮಾತಾಡೋರ ಮುಂದೆ ಹೇಗಮ್ಮ ಎಣಿಸೋದು?"

ಆ ಪತ್ರವನ್ನು ಅಕ್ಕ ಯಾರಿಗೂ ಬರೆದಿರಲಿಲ್ಲ. ಪುಸ್ತಕದ ಒಂದು ಪುಟಕ್ಕೆ ಬರೆದಿದ್ದಳು. ಅದಕ್ಕೇ ಅದರಲ್ಲಿ 'ಪುಟ್ಟೀ' ಇಲ್ಲ.

"ನೀವು ಮೊದಲು ಏನು ಕೆಲಸದಲ್ಲಿದ್ರಿ?" ಎಂದು ಅಜ್ಜಿ ಕೇಳಿದರು, ನಾನು ಎದ್ದಾಗ.

"ಕೋರ್ಟಿನಲ್ಲಿ. ಬೇರೆಯವರು ಹೇಳಿದ್ದನ್ನ ಬರ್ಕೊಳ್ಳೋದು."

"ಎಷ್ಟು ವರ್ಷ?"

ಹೇಳಿದೆ. ಅವರೇಕೆ ಕೇಳಿದರು ಎಂದು ಆಗ ಯೋಚಿಸಲಿಲ್ಲ.

*

ಸಕ್ಕರೆ ಸರ್ ಮನೆಯ ಕೆಳಗಿನ ಅಂತಸ್ತೇ ತರಗತಿ. ಸಾಲಾಗಿ ಖಾಲಿ ಕುರ್ಚಿಗಳು. ಒಂದು ಗೋಡೆಯ ತುಂಬ ಕನ್ನಡಿ. ವಿದ್ಯಾರ್ಥಿಗಳು ಅದರ ಮುಂದೆ ನಿಂತು ನಗುವುದನ್ನು ಕಲಿಯುತ್ತಾರಂತೆ. ಕಪ್ಪು ಹಲಗೆಯ ಮೇಲೆ ಒಂದೇ ಸಾಲು: 'ಇರುವುದನ್ನೇ ಹೇಳಿ.'

ಬಾಗಿಲಲ್ಲಿ ಬೆತ್ತದ ಬುಟ್ಟಿ ಇತ್ತು. "ಫೋನು ಇದರಲ್ಲಿ ಹಾಕಿಬಿಡಿ ಮೇಡಂ," ಎಂದರು ಅವರು. "ಪೂರ್ತಿ ಗಮನ ಕೊಟ್ಟು ಕೇಳೋರು ಈಗ ಎಲ್ಲಿ ಸಿಕ್ತಾರೆ? ನಿಮ್ಮನ್ನ ನೋಡಿದರೆ ಗೊತ್ತಾಗುತ್ತೆ, ನೀವು ಕೇಳೋರು."

ನಾನು ಫೋನು ಹಾಕಿದೆ. ಹಾಕಿದ ಮೇಲೆ, ಯಾಕೆ ಹಾಕಿದೆ ಎಂದುಕೊಂಡೆ. ನಾನು ಇಲ್ಲಿದ್ದೇನೆಂದು ತಂಗಿಗೆ ಹೇಳಿರಲಿಲ್ಲ.

ಸರ್ ವಯಸ್ಸು ಐವತ್ತರ ಆಸುಪಾಸು. ಎಷ್ಟು ಮೆಲುದನಿಯಲ್ಲಿ ಮಾತಾಡುತ್ತಿದ್ದರೆಂದರೆ ಕೇಳಿಸಿಕೊಳ್ಳಲು ನಾವೇ ಬಾಗಬೇಕು. ಬಾಗಿದವರು ಅರ್ಧ ಒಪ್ಪಿದ ಹಾಗೆಯೇ. ಮೇಜಿನ ಮೇಲೆ ಬೆಣ್ಣೆ ಬಣ್ಣದ ಕಾಗದದ ದಿಂಡು ಇತ್ತು. ಮುಚ್ಚಿಡುವ ಪ್ರಯತ್ನವೇ ಇರಲಿಲ್ಲ.

"ನಾಲ್ಕನೇ ಪತ್ರ ಎಲ್ಲಿ ಸರ್?" ನೇರವಾಗಿ ಕೇಳಿದೆ.

"ನೋಡಿ," ಎಂದರು ಅವರು, ಕಣ್ಣರಳಿಸಿ. "ಎಲ್ಲರೂ 'ಅವರು ಎಲ್ಲಿ' ಅಂತ ಕೇಳಿದರು. ನೀವೊಬ್ಬರೇ 'ಪತ್ರ ಎಲ್ಲಿ' ಅಂತ ಕೇಳಿದ್ದು. ಎಂಥ ತಲೆ! ಮನೆಯಲ್ಲಿ ಯಾರೂ ಹೇಳಿಲ್ವಾ ನಿಮಗೆ?"

ಹೇಳಿಲ್ಲ. ಇಪ್ಪತ್ತಾರು ವರ್ಷ ನ್ಯಾಯಾಧೀಶರು ನನ್ನ ಕಡೆ ತಿರುಗಿ ಆಡಿದ ಮಾತು ಒಂದೇ: 'ಓದಿ.' ಮನೆಯಲ್ಲಿ ನಮ್ಮವರು ತಟ್ಟೆ ಖಾಲಿ ಮಾಡಿ ಏಳುತ್ತಾರೆ. ಉಪ್ಪು ಹೆಚ್ಚಾದ ದಿನ ಮಾತ್ರ ನಾನು ಅಡಿಗೆ ಮಾಡಿದ್ದು ಅವರಿಗೆ ನೆನಪಾಗುತ್ತದೆ. ಕೆಟ್ಟವರಲ್ಲ. ಹೇಳಲು ಮರೆತವರು.

ಎದುರಿಗಿದ್ದವನು ಏನು ಮಾಡುತ್ತಿದ್ದಾನೆಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಎರಡು ಗಂಟೆಯ ಹಿಂದೆ ಇನ್ಸ್‌ಪೆಕ್ಟರಿಗೆ ನಾನು ಮಾಡಿದ್ದನ್ನೇ ಮಾಡುತ್ತಿದ್ದ. ಆದರೂ ಎದೆಯೊಳಗೆ ಎಲ್ಲೋ ಒಣಗಿದ್ದ ಮೂಲೆಗೆ ನೀರು ತಾಗಿತು. ಆ ಮೂಲೆ ನನಗೆ ನಾಚಿಕೆ ತಂದಿತು. ಅದಕ್ಕಿಂತ ಹೆಚ್ಚಾಗಿ ಭಯ ತಂದಿತು. ಅಕ್ಕನಿಗೂ ಹೀಗೇ ಆಗಿರಬೇಕು. ಜೀವಮಾನವೆಲ್ಲ ಬೇರೆಯವರ ತಪ್ಪು ತಿದ್ದಿ, ತನ್ನ ಹೆಸರು ಯಾವ ಪುಟದಲ್ಲೂ ಬರದವಳು.

"ಉಬ್ಬಿಸೋದು ನಿಮ್ಮ ಕೆಲಸ," ಎಂದೆ, ದನಿ ಗಟ್ಟಿ ಮಾಡಿಕೊಂಡು.

"ಅಲ್ಲ ಮೇಡಂ. ಇಲ್ಲದ್ದನ್ನ ಹೇಳಿದರೆ ಅದು ಉಬ್ಬಿಸೋದು. ಅದು ಎರಡು ದಿನ ಬಾಳಲ್ಲ." ಅವರು ಹಲಗೆಯ ಕಡೆ ಕೈ ತೋರಿಸಿದರು. "ನಾನು ಇರೋದನ್ನೇ ಹೇಳ್ತೀನಿ. ಅವರ ಅಕ್ಷರ ನಿಜವಾಗಲೂ ಚಂದ. ಬೈಂಡಿಂಗ್ ಅಜ್ಜಿಯ ಹೊಲಿಗೆ ನಿಜವಾಗಲೂ ಗಟ್ಟಿ. ಹತ್ತಿರದೋರು ನೋಡಿದ್ದರೆ ನನ್ನ ಅಗತ್ಯ ಏನಿತ್ತು?"

ನಾನು ಹಲಗೆಯ ಸಾಲನ್ನು ಮತ್ತೆ ಓದಿದೆ.

"ಪತ್ರ ಅವರೇ ಇಸ್ಕೊಂಡು ಹೋದರು," ಎಂದು ಮುಂದುವರಿಸಿದರು. "ಗುರುವಾರ. ಅದರ ಬಗ್ಗೆ ಇನ್ನೂ ಹೇಳೋದಿದೆ. ಪೊಲೀಸರಿಗೆ ಬಾಯಲ್ಲಿ ಹೇಳಿದೆ, ಯಾರೂ ಬರ್ಕೊಳ್ಳಲಿಲ್ಲ. ನೀವು ಬರ್ಕೊಳ್ಳಿ. ಸಹಿ ಹಾಕಿ ಕೊಡ್ತೀನಿ. ಐದಕ್ಕೆ ಮುಂಚೆ ತಲುಪಿಸಿದರೆ ಫೈಲು ನಿಲ್ಲುತ್ತಲ್ಲ?"

ಸಹಿ ಇರುವ ಹೇಳಿಕೆ. ಇನ್ಸ್‌ಪೆಕ್ಟರ್ ಫೈಲು ನಿಲ್ಲಿಸಬೇಕಾದರೆ ಬೇಕಾದದ್ದೇ ಅಂಥದ್ದು. ಕನ್ನಡಿಯ ಮೇಲಿನ ಗಡಿಯಾರದಲ್ಲಿ ನಾಲ್ಕು ಇಪ್ಪತ್ತು.

ದಿಂಡಿನಿಂದ ಒಂದು ಹಾಳೆ ನನ್ನ ಮುಂದೆ ಬಂತು. ನಾನು ಮೇಲ್ಗಡೆ 'ಹೇಳಿಕೆ ಕೊಟ್ಟವರು' ಎಂದು ಬರೆಯಲು ಹೋದೆ.

"ಅದು ಆಮೇಲೆ ಹಾಕೋಣ," ಎಂದರು. "ಮಾತು ಬಂದಾಗ ಹಿಡೀಬೇಕು. ಕೋರ್ಟಿನಲ್ಲಿ ಇಪ್ಪತ್ತಾರು ವರ್ಷ ಪಳಗಿದ ಕೈ, ನಿಮಗೆ ನಾನು ಹೇಳಬೇಕಾ?"

ಹೇಳತೊಡಗಿದರು. ನನ್ನ ಕೈ ಓಡತೊಡಗಿತು.

"ಆ ದಿನ ಮಧ್ಯಾಹ್ನ ಆಕೆಯನ್ನು ಕೊನೆಯದಾಗಿ ನೋಡಿದ್ದು ನಾನು. ಆಕೆ ಅಳುತ್ತಿದ್ದಳು. ಸಮಾಧಾನ ಹೇಳಿದ್ದು ನಾನು."

ಮಾತಿನ ವೇಗಕ್ಕೆ ಕೈಯ ವೇಗ ಕೂಡಿದಾಗ ಒಂದು ಸುಖವಿದೆ. ನಿವೃತ್ತಿಯಾದ ಮೇಲೆ ಆ ಸುಖ ನನಗೆ ಸಿಕ್ಕಿರಲಿಲ್ಲ.

"ಆ ಪತ್ರವನ್ನು ಬಾಗಿಲ ಸಂದಿನಿಂದ ಒಳಗೆ ತಳ್ಳಿದ್ದೂ ನಾನು."

ಒಪ್ಪಿಕೊಳ್ಳುತ್ತಿದ್ದಾರೆ! ತಲೆ ಎತ್ತದೆ ಬರೆದೆ. ಎತ್ತಿದರೆ ನಿಲ್ಲಿಸಿಬಿಟ್ಟಾರೆಂಬ ಭಯ.

"ತಂಗಿಯ ಜೊತೆ ಇದ್ದುಕೊಂಡೇ ಇದನ್ನೆಲ್ಲ ಅವಳಿಂದ ಮುಚ್ಚಿಟ್ಟೆ. ಮನಪೂರ್ವಕವಾಗಿ ಕ್ಷಮೆ ಕೇಳುತ್ತೇನೆ."

ತಂಗಿಯ ಜೊತೆ ಇದ್ದುಕೊಂಡೇ?

ಈ ಆರು ದಿನ ತಂಗಿಯ ಜೊತೆ ಇದ್ದದ್ದು ಅವರಲ್ಲ, ನಾನು.

ಪೆನ್ನು ನಿಂತಿತು. ಮೇಲಿನಿಂದ ಓದಿದೆ. ತಲೆಬರಹವಿಲ್ಲ. ಹೇಳಿದವರ ಹೆಸರಿಲ್ಲ. ಕೊನೆಯದಾಗಿ ನೋಡಿದ್ದು ನಾನು. ಪತ್ರ ತಳ್ಳಿದ್ದೂ ನಾನು. ಮುಚ್ಚಿಟ್ಟದ್ದು ನಾನು. ಎಲ್ಲ ನನ್ನ ಅಕ್ಷರದಲ್ಲಿ. ಹೇಳುವಾಗ ಆ 'ನಾನು' ಅವರಾಗಿದ್ದರು. ಕಾಗದಕ್ಕೆ ಇಳಿದ ಮೇಲೆ ಅದು ನಾನಾಗಿದ್ದೆ.

ಇಪ್ಪತ್ತಾರು ವರ್ಷ ಕಂಡವರ 'ನಾನು'ಗಳನ್ನೆಲ್ಲ ಬರೆದ ಕೈ ನನ್ನದು. ಅವು ಯಾರದೆಂದು ಒಮ್ಮೆಯೂ ನಿಂತು ಕೇಳಿರಲಿಲ್ಲ.

ಆಗಲೇ ಇನ್ನೊಂದು ಮಾತು ತಟ್ಟಿತು. ಇಪ್ಪತ್ತಾರು ವರ್ಷ. ನಾನು ಅದನ್ನು ಇವರಿಗೆ ಹೇಳಿರಲಿಲ್ಲ. ಈ ಮಧ್ಯಾಹ್ನ ಹೇಳಿದ್ದು ಒಬ್ಬರಿಗೇ, ಅಂಟಿನ ವಾಸನೆಯ ಕೋಣೆಯಲ್ಲಿ. ಅಜ್ಜಿಗೂ ಒಂದು ಒಳ್ಳೆಯ ಮಾತಿನ ಆಸೆ. ನಾನು ಬಾಗಿಲು ದಾಟುವಷ್ಟರಲ್ಲಿ ಅವರು ಫೋನು ಎತ್ತಿರಬೇಕು. ಇವರು ನನಗಾಗಿ ಸಿದ್ಧವಾಗಿಯೇ ಕಾದಿದ್ದರು.

"ಯಾಕೆ ನಿಲ್ಲಿಸಿದ್ರಿ?" ಮೆಲುದನಿ.

ಹಾಳೆ ಹರಿಯಬಹುದಿತ್ತು. ಆದರೆ ಅವರ ಬೆರಳುಗಳು ಆಗಲೇ ಅದರ ಮೇಲಂಚಿನ ಮೇಲಿದ್ದವು, ಹಗುರವಾಗಿ, ಮಗುವಿನ ತಲೆ ಸವರುವ ಹಾಗೆ. ಎಳೆದರೆ ಎರಡಾಗುತ್ತದೆ. ಎರಡಾದರೂ ಅಕ್ಷರ ನನ್ನದೇ.

"ಒಂದು ಒತ್ತಕ್ಷರ ಬಿಟ್ಟುಹೋಗಿತ್ತು," ಎಂದೆ. ಪೆನ್ನು ಬಾಗಿಸಿ, ಮೊದಲ ಸಾಲಿನ 'ನಾನು' ಪದದ ಅಡಿಗೆ ಚುಕ್ಕೆ ಇಟ್ಟೆ. ಒಂದು, ಎರಡು, ಮೂರು, ನಾಲ್ಕು, ಐದು.

ಇದು ತಪ್ಪು ಅಂತ ನನಗೆ ಗೊತ್ತು. ಮಾತು ನನ್ನದಲ್ಲ.

ಹಾಳೆ ನನ್ನ ಕೈಯಿಂದ ಜಾರಿ ಅವರ ಕೈಗೆ ಹೋಯಿತು. ಅವರು ಓದಿದರು. ಅರ್ಧ ಓದಿದವರು ಹಾಳೆಯನ್ನು ಕಣ್ಣಿನ ಹತ್ತಿರ ತಂದರು.

"ಇದೇನು ಮೇಡಂ, ಚುಕ್ಕೆ?"

ಇನ್ಸ್‌ಪೆಕ್ಟರ್ ಹೇಳಿದ್ದೇ ನೆನಪಿಗೆ ಬಂದದ್ದು.

"ಹಳೇ ಪೆನ್ನು ಸರ್. ಮಸಿ ಕಾರುತ್ತೆ."

ಅವರು ನಕ್ಕರು. ಕನ್ನಡಿಯಲ್ಲಿ ಕಲಿತ ನಗುವಲ್ಲ, ತಮಾಷೆ ಅನಿಸಿ ಬಂದ ನಗು.

"ಆ ಪತ್ರದ ಚುಕ್ಕೆ ಏನು ಅಂತ ಕೇಳಿದರೆ ಅವರೂ ಇದನ್ನೇ ಹೇಳ್ತಾರೆ."



ಕೋರ್ಟಿನಲ್ಲಿ ಎಷ್ಟೋ ಮೊಕದ್ದಮೆಗಳು ಒಂದು ಕ್ರಿಯಾಪದದ ಬಾಲದ ಮೇಲೆ ನಿಂತದ್ದನ್ನು ನಾನು ಕಂಡಿದ್ದೇನೆ. ಹೇಳಿದ್ದರು. ಹೇಳ್ತಿದ್ದರು. ಹೇಳ್ತಾರೆ. ಇಲ್ಲದವರು 'ಹೇಳ್ತಾರೆ' ಆಗುವುದಿಲ್ಲ. ಆರು ದಿನದ ಹಿಂದೆ ಬಸ್ ಸ್ಟ್ಯಾಂಡಿನ ಕಡೆ ನಡೆದುಹೋದವರೂ ಆಗುವುದಿಲ್ಲ. ಇವತ್ತೂ ಕೇಳಬಹುದಾದವರು, ಕೇಳಿದರೆ ಉತ್ತರ ಕೊಡುವವರು ಮಾತ್ರ 'ಹೇಳ್ತಾರೆ.'

ಇದ್ದಾಳೆ ಪುಟ್ಟೀ. ನಿನ್ನ ಅಕ್ಕ ಇದ್ದಾಳೆ.

ಮುಖವನ್ನು ಕಲ್ಲು ಮಾಡಿಕೊಳ್ಳುವುದು ನನ್ನ ಕಸುಬಿನ ಮೊದಲ ಪಾಠ. ಸಾಕ್ಷಿ ಏನೇ ಹೇಳಲಿ, ಬರೆಯುವವಳ ಹುಬ್ಬು ಅಲುಗಬಾರದು. ಆ ಒಂದು ಕ್ಷಣ ಅಲುಗಿತು. ಎದುರಿನ ಕನ್ನಡಿಯಲ್ಲಿ ಅದು ನನಗೇ ಕಂಡಿತು.

ಅವರಿಗೂ ಕಂಡಿತು.

ಅವರು ತಾವಾಡಿದ ಮಾತನ್ನು ಮನಸ್ಸಿನಲ್ಲೇ ಹಿಂದಕ್ಕೆ ಓದಿದ್ದು ನನಗೆ ತಿಳಿಯಿತು. ನಗು ಮೆಲ್ಲಗೆ ಇಳಿಯಿತು. ಮತ್ತೆ ಹಾಳೆಯ ಚುಕ್ಕೆಗಳ ಮೇಲೆ ಬೆರಳಾಡಿಸಿದರು, ಎಣಿಸಿದರು.

"ಎರಡು ಪೆನ್ನು," ಎಂದರು. "ಎರಡೂ ಐದೇ ಸಲ ಕಾರುತ್ತವೆ."

ಗಡಿಯಾರದಲ್ಲಿ ನಾಲ್ಕು ನಲವತ್ತು. ಇಲ್ಲಿಂದ ಸ್ಟೇಷನ್ನಿಗೆ ಕಾಲು ಗಂಟೆಯ ದಾರಿ. ಎದ್ದು ಹೋದರೆ ಫೈಲು ನಿಲ್ಲಿಸಬಹುದು. ಆದರೆ ಏನೆಂದು ಹೇಳಲಿ? ಒಬ್ಬ ಮನುಷ್ಯ 'ಹೇಳಿದರು' ಅನ್ನುವ ಕಡೆ 'ಹೇಳ್ತಾರೆ' ಅಂದ ಎಂದೇ? ನನ್ನದೇ ಕೈಯಲ್ಲಿ ಬರೆದ ತಪ್ಪೊಪ್ಪಿಗೆ ಅವರ ಬಳಿ ಇರುವಾಗ?

"ನಿಮ್ಮಂಥ ಕಿವಿ ನಾನು ಈವರೆಗೆ ನೋಡಿಲ್ಲ ಮೇಡಂ," ಎಂದರು ಅವರು. ಅದು ನಿಜವಾದ ಹೊಗಳಿಕೆಯಾಗಿತ್ತು. ಭಯಂಕರವಾಗಿದ್ದದ್ದು ಅದೇ. "ಅವರನ್ನ ನೋಡ್ಬೇಕಾ?"

ಬೇಕು ಎಂದು ನನ್ನ ಮೈಯೆಲ್ಲ ಹೇಳುತ್ತಿತ್ತು.

ದಿಂಡಿನಿಂದ ಇನ್ನೊಂದು ಹಾಳೆ ಸರಿದು ಬಂತು. ಬೆಣ್ಣೆಯ ಬಣ್ಣ, ಖಾಲಿ.

"ಬಲವಂತ ಇಲ್ಲ. ನೋಡಿ, ಬಾಗಿಲು ತೆಗೆದೇ ಇದೆ. ಬುಟ್ಟಿಯಲ್ಲಿ ನಿಮ್ಮ ಫೋನೂ ಇದೆ. ಹೋಗಬೇಕು ಅನಿಸಿದರೆ ಹೋಗಿ, ಅವರು ಎಲ್ಲಿದ್ದಾರೋ ಅಲ್ಲೇ ಇರ್ತಾರೆ. ಇಲ್ಲ, ಅವರ ಹತ್ತಿರ ಹೋಗಬೇಕು ಅಂದರೆ..." ಅವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು, ಹೇಳುವವರು ಮಾತು ಹುಡುಕುವಾಗ ಮುಚ್ಚುವ ಹಾಗೆ. "ಬರ್ಕೊಳ್ಳಿ. ನಾನು... ಮನಪೂರ್ವಕವಾಗಿ..."

ನಾನು ಇನ್ನೂ ಬಾಗಿಲನ್ನೇ ನೋಡುತ್ತಿದ್ದೆ.

ಕೆಳಗೆ, ಮೇಜಿನ ಮೇಲೆ, ಪೆನ್ನಿನ ಸದ್ದು ಕೇಳಿಸಿತು. ನನ್ನ ಕೈ ಆಗಲೇ 'ನಾನು' ಎಂದು ಬರೆದು ಮುಗಿಸಿತ್ತು.